ಹಳೆಯ ತಾಣದ ಕೆಳಗೆ ಅಕ್ಕ ಬರೆದದ್ದು

೧೯೮೯ರಲ್ಲಿ, ಏಳನೇ ಇಯತ್ತೆಯ ದಸರಾ ರಜೆ ಮುಗಿದ ಮೇಲೆ, ನಾನು ಶಾಲೆಗೆ ಮರಳಿ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ಯಾರೂ ಬೈಯಲೂ ಇಲ್ಲ. ಇಚಲಕರಂಜಿಯಲ್ಲಿ ಕಾಂಡಿ ತುಂಬುವ ಕೆಲಸ ಸಿಕ್ಕಿತ್ತು. ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ಗೇಣುದ್ದದ ಕಡ್ಡಿಗೆ ನೂಲು ಸುತ್ತುವುದು. ಅಕಿವಾಟದ ಹತ್ತಿರದ ನಮ್ಮೂರಿನಿಂದ ಒಂದು ಚೀಲ ಹಿಡಿದು ಬಂದವನು ಕಾಂಡಿಯಿಂದ ಮಗ್ಗಕ್ಕೆ, ಮಗ್ಗದಿಂದ ಜಾಬರ್ ಕೆಲಸಕ್ಕೆ ಏರಿದೆ, ಈಚೆಗೆ ಸ್ವಂತ ಮಗ್ಗಗಳನ್ನೂ ಹಾಕಿದೆ. ಕೆಟ್ಟುನಿಂತ ಮಗ್ಗವನ್ನು ಮತ್ತೆ ಓಡಿಸುವವನಿಗೆ ಜಾಬರ್ ಅನ್ನುತ್ತಾರೆ. ನನ್ನ ಕೈ ಮುಟ್ಟಿದ ಮಗ್ಗ ಮರುದಿನ ಅದೇ ತಕರಾರು ಹೇಳಿದ್ದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರು ಬೇರೆ ಯಾರೂ ಉಳಿದಿಲ್ಲ.

ಜಾಲತಾಣದ ಹುಚ್ಚು ಹಿಡಿದದ್ದು ಮಗ್ಗದಿಂದಲೇ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ನೇಕಾರರು ದಿನವೂ ಅದದೇ ಪ್ರಶ್ನೆ ಕೇಳುತ್ತಿದ್ದರು: ಲಾಳಿ ಯಾಕೆ ಹಾರುತ್ತದೆ, ಅಂಚು ಯಾಕೆ ಸಡಿಲ ಬೀಳುತ್ತದೆ. ಎಷ್ಟು ಸಲ ಹೇಳುವುದು. ಮಾಲೀಕರ ಕಚೇರಿಯ ಕಂಪ್ಯೂಟರಿನಲ್ಲಿ ಪಾಳಿ ಮುಗಿದ ಮೇಲೆ ಕುಳಿತು, ಒಂದೊಂದೇ ಕನ್ನಡ ಅಕ್ಷರ ಹುಡುಕಿ ಒತ್ತಿ, ಮೊದಲ ಬರಹ ಏರಿಸಲು ಹದಿನೈದು ದಿನ ಹಿಡಿಯಿತು. ಮೂರು ಬರಹ ಮಗ್ಗದ ಮೇಲೆ ಬರೆದೆ. ನಾಲ್ಕನೆಯದು ಹೇಗೋ ಅಪ್ಪನ ಕುರಿಗಳ ಮೇಲಾಯಿತು. ಆಮೇಲೆ ಮಗ್ಗ ಅರ್ಧ, ಊರು ಅರ್ಧ ಅಂತ ಹದಿಮೂರು ವರ್ಷ ನಡೆಯಿತು.

ಕುರಿಗಳ ಬರಹ ಏರಿಸಿದ ವಾರದಲ್ಲೇ ಅದರ ಕೆಳಗೆ ಮೊದಲ ಟಿಪ್ಪಣಿ ಬಂತು. ಬರೆದವಳು ನನ್ನ ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು, ಗಡಹಿಂಗ್ಲಜದ ಮನೆಗೆ ಕೊಟ್ಟವಳು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ನನ್ನನ್ನು ಸೊಂಟದ ಮೇಲೆ ಹೊತ್ತು ಕುರಿಯ ಹಿಂದೆ ತಿರುಗಲು ಯಾರಾದರೂ ಬೇಕಿತ್ತು. ಗಂಡನ ಮೊಬೈಲಿನಲ್ಲಿ ಬರೆಯುವುದನ್ನು ತಾನೇ ಕಲಿತಿದ್ದಳು. ಆ ಟಿಪ್ಪಣಿ ನನಗೆ ಬಾಯಿಪಾಠ:

"ನೀ ಅವಾಗ ನಾಕ ವರ್ಷದಾಂವ, ನಿನಗೇನ ಗೊತ್ತು. ಕುರಿ ಹದಿನೆಂಟಲ್ಲ, ಇಪ್ಪತ್ತೊಂದು. ಮೂರು ಅವ್ವನ ತವರಿಂದ ಬಂದಿದ್ದವು. ಅವನ್ನ ಹಿಂಡಿನಾಗ ಎಣಸೂ ಪದ್ಧತಿ ಇರಲಿಲ್ಲ."

ನನಗೆ ಸಿಟ್ಟು ಬಂದಿತ್ತು. ನಾಲ್ಕು ಜನ ಓದುವ ಜಾಗದಲ್ಲಿ ತಮ್ಮನ ಲೆಕ್ಕ ತಪ್ಪು ಅನ್ನುವುದೇ? ಫೋನ್ ಮಾಡಿದೆ.

"ಅಕ್ಕಾ, ಇಂಥಾದ ಇದ್ರ ನನಗ ಫೋನಿನ್ಯಾಗ ಹೇಳಬೇಕು."

"ಫೋನಿನ್ಯಾಗ ಹೇಳಿದ್ರ ನೀ ಹ್ಞೂಂ ಅಂತಿ, ಮರೀತಿ. ಬರದ್ರ ಇರ್ತೈತಿ."

ಹಾಗೆ ಅವಳು ಬರೆಯುತ್ತ ಹೋದಳು. ನಾನು ಒಂದು ಏರಿಸಿದರೆ ಕೆಳಗೆ ಅವಳದೊಂದು, ಕೆಲವಕ್ಕೆ ನಾಲ್ಕೈದು. ಹಾತಕಣಂಗಲೆ ಸ್ಟೇಷನ್ನಿನ ಆಚೆ ಕುರಿ ಬೀಡುಬಿಟ್ಟ ಹೊಲ ಯಾರದು, ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೃಷ್ಣೆಯಲ್ಲಿ ಯಾವ ಕಟ್ಟೆಯಿಂದ ತಳ್ಳುತ್ತಿದ್ದರು, ನನಗೆ ಗೊಬ್ಬರ, ಅಂದರೆ ದಡಾರ, ಬಂದಾಗ ಅವ್ವ ಯಾವ ಹಾಡು ಅರ್ಧಕ್ಕೆ ನಿಲ್ಲಿಸಿದಳು. ನಾನು ಬರೆದದ್ದು ಬಟ್ಟೆಯಾದರೆ ಅವಳದು ಅಂಚು ಅಂತ ಆಗ ನನ್ನ ಸಮಾಧಾನ. ನೇಕಾರರು ಮಾತ್ರ ಬೇರೆಯೇ ಹೇಳುತ್ತಿದ್ದರು. "ಅಣ್ಣಾರ, ನಿಮ್ಮದ ಓದಿ ಆತು, ಅಕ್ಕಾರದು ಇನ್ನೂ ಬಂದಿಲ್ಲಲ್ರಿ" ಅಂತ ಕ್ಯಾಂಟೀನಿನಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಬಾಯಿತುದಿಯಲ್ಲಿ.

ಹೋದ ವರ್ಷ ತಾಣಕ್ಕೆ ಜಾಗ ಕೊಟ್ಟ ಕೊಲ್ಲಾಪುರದ ಅಂಗಡಿಯಿಂದ ಸುದ್ದಿ ಬಂತು. ಬರಹ, ಚಿತ್ರಗಳನ್ನು ಜೋಡಿಸಿ ಇಡುವ ತಂತ್ರಾಂಶಕ್ಕೆ ಅವರು ಸಿಎಂಎಸ್ ಅನ್ನುತ್ತಾರೆ. ನನ್ನದು ಬಹಳ ಹಳೆಯದಂತೆ, ಅದನ್ನು ಮಾಡಿದವರೇ ಕೈಬಿಟ್ಟಿದ್ದಾರಂತೆ. ಹೊಸ ಯಂತ್ರಗಳ ಮೇಲೆ ಓಡುವುದಿಲ್ಲ, ಬೇರೆಯದಕ್ಕೆ ಬದಲಿಸಿಕೊಳ್ಳಿ ಅಂದರು. ನನಗೆ ಇದು ಕಷ್ಟದ ಮಾತೇನಲ್ಲ. ಮಗ್ಗ ಹಳೆಯದಾಯಿತು, ಹೊಸ ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸಬೇಕು, ಅಷ್ಟೇ. ಅಂಗಡಿಯವನು ಫೋನಿನಲ್ಲಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ:

"ಕಾಕಾ, ಟೂಲ್ ಐತ್ರಿ. ಏಕ ಬಟನ್ ದಾಬಾಯಚಂ, ಒತ್ತೂದಷ್ಟ, ಎಲ್ಲಾ ತಾನಽ ಬರ್ತೈತಿ."

"ಬ್ಯಾಡ. ನಾನಽ ಮಾಡ್ತೀನಿ."

"ನೂರಾ ಎಂಬತ್ತಾರು ಬರಹ ಅದಾವ್ರಿ ಕಾಕಾ."

"ನೀ ಎಳಿ ಕೂಡಸೂದ ನೋಡೀಯೇನು? ಒಂದು ಹಾಸಿನಾಗ ಮೂರು ಸಾವಿರ ಎಳಿ. ನೂರಾ ಎಂಬತ್ತಾರು ಯಾವ ಗಿಡದ ತಪ್ಪಲಾ?"

ನೇಯ್ಗೆ ನೋಡದವರಿಗೆ ಇಷ್ಟು ಹೇಳಬೇಕು. ಒಂದು ಬೀಮಿನ, ಅಂದರೆ ಹಾಸು ಸುತ್ತಿದ ಉರುಳೆಯ, ನೂಲು ತೀರಿದಾಗ ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಬೀಮಿನ ಎಳೆಗಳನ್ನು ಒಂದಕ್ಕೊಂದು ಕೈಯಿಂದ ಗಂಟುಹಾಕುತ್ತಾರೆ. ಎಳೆ ಎಣಿಸಿ ಸರಿಹೋದರೆ ಹಿಂದಿನ ಬೀಮು ಅಲ್ಲಿ ಒಂದು ಗಳಿಗೆಯೂ ಇರಬಾರದು. ಕೊಯ್ದು, ಉಳಿದ ನೂಲು ಚಿಂದಿಗೆ ಹಾಕಿ, ಬರಿ ಬೀಮನ್ನು ಅದೇ ದಿನ ಕಳಿಸಬೇಕು. ಖಾಲಿ ಬೀಮು ಬಿದ್ದಿದ್ದರೆ ಆ ವಿಭಾಗದ ಜಾಬರ್ ಸೋಮಾರಿ ಅಂತ ಲೆಕ್ಕ. ನನಗೆ ಕಲಿಸಿದವರು ಇದನ್ನು ಬೆನ್ನ ಮೇಲೆ ಹೊಡೆದು ಕಲಿಸಿದ್ದರು.

ಮೂರು ತಿಂಗಳು, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಕುಳಿತು, ಒಂದೊಂದೇ ಬರಹ ಹಳೆಯದರಿಂದ ನಕಲು ಮಾಡಿ ಹೊಸದರಲ್ಲಿ ಅಂಟಿಸಿದೆ. ತುಂಬ ಸುಖದ ಕೆಲಸ ಅದು. ಹದಿಮೂರು ವರ್ಷದ ನನ್ನ ಮಾತನ್ನು ನಾನೇ ಇನ್ನೊಮ್ಮೆ ಓದಿದೆ. ಮೊದಲಿನವುಗಳಲ್ಲಿ ಎಷ್ಟು ಸೊಕ್ಕು, ಎಷ್ಟು ಹುರುಪು. ಕೆಲವು ಕಡೆ ಅಪ್ಪನ ದನಿ ಕಿವಿಗೆ ಬಿದ್ದಂತಾಗಿ ಕೈ ನಿಲ್ಲಿಸಿ ಕುಳಿತದ್ದುಂಟು. ಕೊನೆಗೆ ಎಣಿಸಿದೆ. ಅಲ್ಲಿ ನೂರಾ ಎಂಬತ್ತಾರು, ಇಲ್ಲಿ ನೂರಾ ಎಂಬತ್ತಾರು. ಹೊಸ ತಾಣ ಓಡತೊಡಗಿತು. ಚಹಾ ತರಿಸಿ ಕುಡಿದು, ಹಳೆಯದನ್ನು ಅಳಿಸಿಬಿಟ್ಟೆ. ನಿಜವಾಗಿ ಅಳಿಸಲೇ ಅಂತ ಅದು ಎರಡು ಸಲ ಕೇಳಿತು. ಎರಡು ಸಲವೂ ಹೌದು ಒತ್ತಿದೆ.

ಆ ಹೊತ್ತಿಗೆ ಅಕ್ಕನ ಕಣ್ಣಿನ ಪೊರೆ ತೆಗೆದಿದ್ದರು. ಒಂದಾದ ಮೇಲೊಂದು ಎರಡೂ ಕಣ್ಣು. ಎರಡು ತಿಂಗಳು ಮೊಬೈಲ್ ನೋಡಬಾರದು ಅಂದಿದ್ದರು. ಹಾಗಾಗಿ ಅವಳ ಟಿಪ್ಪಣಿ ಬಾರದಿದ್ದರೂ ನನಗೆ ಏನೂ ಅನ್ನಿಸಲಿಲ್ಲ. ಅಳಿಸಿ ಐದು ವಾರವಾದ ಮೇಲೆ ಕಂಬಳಿಯ ಬಗ್ಗೆ ಬರೆಯುತ್ತಿದ್ದೆ. ನಮ್ಮ ಉಣ್ಣೆ ಒಯ್ಯುತ್ತಿದ್ದ ಕಂಬಳಿಯವರ ಊರು ಯಾವುದು ಅಂತ ನೆನಪಾಗಲಿಲ್ಲ. ಅಕ್ಕ ಎಲ್ಲೋ ಬರೆದಿದ್ದಾಳೆ ಅಂತ ಹಳೆಯ ಬರಹ ತೆರೆದು ಕೆಳಗೆ ಸರಿಸಿದೆ. ಕೆಳಗೆ ಖಾಲಿ. ಇನ್ನೊಂದು ತೆರೆದೆ. ಖಾಲಿ. ನೂರಾ ಎಂಬತ್ತಾರರಲ್ಲಿ ಮೂವತ್ತು ನಲವತ್ತು ತೆರೆದೆನೇನೋ, ಆಮೇಲೆ ತೆರೆಯುವುದು ಬಿಟ್ಟೆ.

ಮರುದಿನ ಕೊಲ್ಲಾಪುರಕ್ಕೆ ಹೋದೆ. ಅಂಗಡಿಯವನು ನನ್ನ ಮುಖ ನೋಡಿ ಕುರ್ಚಿ ಸರಿಸಿ ಕೊಟ್ಟ.

"ಕಾಮೆಂಟ್ ಬ್ಯಾರೆ ಕಡೆ ಇಟ್ಟಿರ್ತಾರ್ರಿ ಕಾಕಾ, ಬರಹದ ಜೋಡಿ ಇರೂದಿಲ್ಲ. ತುಮ್ಹಾಲಾ ಸಾಂಗಿತಲಂ ಹೋತಂ. ಬಟನ್ ಒತ್ರಿ ಅಂತ ಹೇಳಿದ್ನೊ ಇಲ್ಲೊ?"

"ಹೇಳಿದ್ದಿಪಾ."

"ನಮ್ಮ ಕಡೆ ಬ್ಯಾಕಪ್ ಮೂವತ್ತ ದಿನದ್ದು. ಇವತ್ತಿಗೆ ಮೂವತ್ತಾರು."

ಆದರೂ ಅವನು ಒಳ್ಳೆಯವನು, ಅರ್ಧ ದಿನ ಹುಡುಕಿದ. ಕೊನೆಗೆ ಒಂದು ದಾರಿ ಸಿಕ್ಕಿತು. ಹೊಸ ಟಿಪ್ಪಣಿ ಬಂದಾಗ ಅದರ ನಕಲು ನನ್ನ ಇಮೇಲಿಗೆ ಬರುವಂತೆ ನಾನೇ ಎರಡು ವರ್ಷದ ಹಿಂದೆ ಮಾಡಿಕೊಂಡಿದ್ದೆ. ಅಲ್ಲಿಂದ ಈಚಿನವು ಪೆಟ್ಟಿಗೆಯಲ್ಲಿ ಇದ್ದವು. ಅಕ್ಕನವು ನಲವತ್ಮೂರು. ಅದಕ್ಕೂ ಮುಂಚಿನ ಹನ್ನೊಂದು ವರ್ಷ, ಇಪ್ಪತ್ತೊಂದು ಕುರಿಯ ಆ ಮೊದಲನೆಯದರಿಂದ ಹಿಡಿದು, ಹೋಗಿತ್ತು.

ಇಚಲಕರಂಜಿಗೆ ಮರಳುವ ಬಸ್ಸು ಹಿಡಿಯದೆ ಗಡಹಿಂಗ್ಲಜದ ಬಸ್ಸು ಹತ್ತಿದೆ. ಇನ್ನು ಹತ್ತು ದಿನಕ್ಕೆ ಅವಳಿಗೆ ಮೊಬೈಲ್ ಕೊಡುತ್ತಾರೆ. ತಾನಾಗಿ ತೆರೆದು ನೋಡುವ ಮುಂಚೆ ನಾನೇ ಹೇಳಬೇಕು. ಗೋಕುಳ ಶಿರಗಾಂವದ ಫೌಂಡ್ರಿಗಳ ಹೊಗೆ ದಾಟುವವರೆಗೂ ಏನು ಹೇಳಲಿ ಅಂತ ಜೋಡಿಸುತ್ತಿದ್ದೆ. ಯಂತ್ರ ಕೆಟ್ಟಿತು ಅನ್ನಬಹುದು. ಅಂಗಡಿಯವನು ಅಳಿಸಿದ ಅನ್ನಬಹುದು. ಅವಳಿಗೆ ಗೊತ್ತಾಗುವಂತಿಲ್ಲ. ಆದರೆ ನನ್ನ ಕೈಯ ತಪ್ಪನ್ನು ಮಗ್ಗದ ಮೇಲೆ ಹಾಕಿದವನಲ್ಲ ನಾನು.

ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕಣ್ಣಿಗೆ ಖಾರ ತಾಗುತ್ತದೆಂದು ಸೊಸೆ ಬೈದು ಹೋಗಿದ್ದಳಂತೆ.

"ಯಾರದು? ಹೆಜ್ಜಿ ನೋಡಿದ್ರ ಇಚಲಕರಂಜಿ ಸಾವಕಾರ ಬಂದಂಗೈತಿ."

"ಸಾವಕಾರ ಏನ ಬಂತು. ತಪ್ಪ ಮಾಡಿ ಬಂದೇನಿ."

"ಕುಂಡ್ರು. ಉಂಡಿ ಏನ?"

ಊಟದ ಮಾತು ಬಿಟ್ಟು ಎಲ್ಲ ಹೇಳಿದೆ. ಬಟನ್ ಬೇಡ ಅಂದದ್ದು, ಕೈಯಿಂದ ಏರಿಸಿದ್ದು, ಎಣಿಸಿದ್ದು, ಅಳಿಸಿದ್ದು. ಅವಳ ಕೈ ತೊಟ್ಟು ಮುರಿಯುತ್ತಲೇ ಇತ್ತು.

"ಎಲ್ಲಾ ಹ್ವಾದ್ವು?"

"ನಲವತ್ಮೂರು ಸಿಕ್ಕಾವ."

"ಒಟ್ಟ ಎಷ್ಟಿದ್ದವು?"

"ಎಣಸಿರಲಿಲ್ಲ ಅಕ್ಕಾ."

"ನಿನ್ನವು ಎಷ್ಟಿದ್ದವು?"

"ನೂರಾ ಎಂಬತ್ತಾರು."

"ಅವನ್ನ ಎಣಸಿದ್ದಿ."

ಅಷ್ಟೇ ಅಂದಳು. ದನಿ ಏರಿಸಲಿಲ್ಲ. ಬುಟ್ಟಿ ಹತ್ತಿರಕ್ಕೆಳೆದು ನಾನೂ ತೊಟ್ಟು ಮುರಿಯತೊಡಗಿದೆ. ಅದರಲ್ಲೂ ತಪ್ಪು ಹುಡುಕಿದಳು.

"ಬೀಜ ಉದುರಸಬ್ಯಾಡ. ಮೆತ್ತಗ ಹಿಡಿ."

ಆಮೇಲೆ ನಾನೇ ಶುರು ಮಾಡಿದೆ. "ನೀ ಹೇಳು, ನಾ ಬರಕೋತೀನಿ. ಮೊದಲ ಏನೇನ ಬರದಿದ್ದಿ, ಎಲ್ಲಾ ಮತ್ತ ಆಯಾ ಬರಹದ ಕೆಳಗ ಹಾಕ್ತೀನಿ."

"ಹನ್ನೊಂದ ವರ್ಷದ್ದು ಯಾರಿಗೆ ನೆನಪಿರ್ತೈತಿ? ನೀ ಏನರ ತಪ್ಪ ಬರದಾಗ ಸಿಟ್ಟಿಗೆದ್ದು ಬರೀತಿದ್ದೆ. ಈಗ ಆ ಸಿಟ್ಟ ಎಲ್ಲಿಂದ ತರ್ಲಿ?"

"ಮತ್ತ ಏನ ಮಾಡೂಣು?"

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕಣ್ಣು ಹೊಸದಾಗಿ, ಸ್ವಲ್ಪ ಕೆಂಪಾಗಿ ಇದ್ದವು. ನನ್ನನ್ನೇ ನೋಡಿದಳು.

"ಹೊಸಾದರಾಗ ಬ್ಯಾರೇದವರೂ ಬರೀಬಹುದೇನ? ಕೆಳಗಲ್ಲ, ಮ್ಯಾಲ. ನೀ ಬರೀತಿಯಲ್ಲ, ಆ ಜಾಗಾದಾಗ."

ಬರೆಯಬಹುದಿತ್ತು. ಹಳೆಯದರಲ್ಲಿ ಅದಕ್ಕೆ ದಾರಿ ಇರಲಿಲ್ಲ, ಹೊಸದರಲ್ಲಿ ಎಷ್ಟು ಜನರನ್ನಾದರೂ ಲೇಖಕರಾಗಿ ಸೇರಿಸಬಹುದು. ಆದರೆ ನಿಜ ಹೇಳಬೇಕು, ಬಾಯಿಂದ ಹೌದು ಅನ್ನುವುದು ಕೂಡಲೇ ಬರಲಿಲ್ಲ. ಹದಿಮೂರು ವರ್ಷ ತಾಣದ ನೆತ್ತಿಯ ಮೇಲೆ ಒಂದೇ ಹೆಸರು, ನನ್ನದು. ಏಳನೇ ಇಯತ್ತೆಯೂ ಮುಗಿಸದವನ ಹೆಸರು ಅಲ್ಲಿ ಇದೆ ಅಂತ ಎಷ್ಟು ಸಲ ಸುಮ್ಮನೆ ತೆರೆದು ನೋಡಿದ್ದೇನೆ.

"ಯಾಕ, ಸಾವಕಾರಗ ಇಕ್ಕಟ್ಟಾಕ್ಕೈತಿ?" ಅಂದಳು.

"ಇಲ್ಲ. ಮಾಡ್ತೀನಿ."

"ಹಂಗಾದ್ರ ಈಗ ಮಾಡು. ಮನೀಗಿ ಹೋಗಿ ಮಾಡ್ತೀನಿ ಅಂದ್ರ ನೀ ಎಣಸ್ಕೋತ ಕುಂಡ್ರತಿ."

ಕಟ್ಟೆಯ ಮೇಲೆ ಕುಳಿತೇ, ಖಾರದ ಕೈ ಎರಡು ಸಲ ತೊಳೆದು, ನನ್ನ ಮೊಬೈಲಿನಲ್ಲಿ ಅವಳ ಹೆಸರು ಸೇರಿಸಿದೆ. ಗುಪ್ತಪದ ಏನಿಡಲಿ ಅಂದರೆ ಅವಳು ನನಗೆ ಹೇಳಲಿಲ್ಲ, ತಾನೇ ಮೊಬೈಲ್ ಇಸಿದುಕೊಂಡು ದೂರ ಹಿಡಿದು ಒತ್ತಿದಳು. ಕಣ್ಣಿಗೆ ಬೇಡ ಅಂದೆ. ಹತ್ತಕ್ಷರಕ್ಕೆ ಕುರುಡಿ ಆಗುವುದಿಲ್ಲ ಅಂದಳು.

ಅವಳ ಮೊದಲ ಬರಹ ಮುಂದಿನ ತಿಂಗಳು ಬಂತು. ಕುರಿಗಳನ್ನು ಹೊಳೆಯಲ್ಲಿ ಮೀಯಿಸುವ ದಿನದ ಮೇಲೆ. ಅದರಲ್ಲಿ ನಾನು ದಡದಲ್ಲಿ ಅಳುತ್ತ ಕುಳಿತ ಕೂಸು, ಒಂದೇ ಸಾಲಿನಲ್ಲಿ ಬಂದು ಹೋಗುತ್ತೇನೆ. ಹೊಳೆಯ ಕಟ್ಟೆ ಅವಳು ಹೇಳಿದ ದಿಕ್ಕಿಗೆ ಇರಲಿಲ್ಲ ಅಂತ ನನ್ನ ನೆನಪು. ಮೇಲೆ ಕೈಹಾಕಿ ತಿದ್ದಬಹುದಿತ್ತು, ತಾಣದ ಕೀಲಿ ನನ್ನಲ್ಲೇ ಇದೆ. ತಿದ್ದಲಿಲ್ಲ. ಕೆಳಗಿನ ಪೆಟ್ಟಿಗೆಯಲ್ಲಿ ಬರೆದೆ. ಅವಳು ಉತ್ತರಿಸಿದಳು: "ನೀ ಅಳಾಕತ್ತಿದ್ದಿ, ಕಣ್ಣಾಗ ನೀರಿತ್ತು. ನಿನಗ ಹೆಂಗ ಕಾಣಬೇಕು."

ನೇಕಾರರು ಈಗ ಅವಳದು ಬಂತೇ ಅಂತ ಕೇಳುವುದಿಲ್ಲ. ಬಂದದ್ದನ್ನು ನನಗೇ ಓದಿ ತೋರಿಸುತ್ತಾರೆ. ಹೋದ ಟಿಪ್ಪಣಿಗಳು ಎಷ್ಟು ಅಂತ ಈಗಲೂ ಗೊತ್ತಿಲ್ಲ. ಕೆಲವು ಮಾತ್ರ ಬಾಯಿಪಾಠ ಇವೆ. ಆದರೆ ನನ್ನ ನೆನಪಿನಿಂದ ಬರೆದರೆ ಅವು ಅವಳವಾಗುವುದಿಲ್ಲ ಅಂತ ಅಲ್ಲಿ ಹಾಕಿಲ್ಲ.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ನಾನು ಬರೆದದ್ದು ನೂರಾ ತೊಂಬತ್ತು. ಅಕ್ಕ ಬರೆದದ್ದು ಹನ್ನೊಂದು. ಇಮೇಲಿನಿಂದ ಮರಳಿ ಹಾಕಿದ ಅವಳ ಟಿಪ್ಪಣಿ ನಲವತ್ಮೂರು. ಅವಳ ಬರಹಗಳ ಕೆಳಗೆ ನನ್ನವು ಒಂಬತ್ತು. ಸ್ವಂತ ಮಗ್ಗ ನಾಲ್ಕು, ಓಡುತ್ತಿರುವುದು ಮೂರು.