ಗುಡಿಸದ ಕೋಣೆಯಲ್ಲಿ ಕುಜ

ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆಯೇ ಎಂದು ನಾನು ಅನುಮಾನಪಡುವುದಿಲ್ಲ. ಎಷ್ಟು ಬೆರೆಸಿದ ಎಂದಷ್ಟೇ ನನ್ನ ಅನುಮಾನ. ನಮ್ಮ ಯಜಮಾನರು ಇದನ್ನು ಕಾಯಿಲೆ ಎನ್ನುತ್ತಾರೆ. ಇರಲಿ. ಬೆಟ್ಟದ ದೇವರು ಗೋಪಾಲಸ್ವಾಮಿ ನನಗೆ ಸಕ್ಕರೆ, ಬಿ.ಪಿ. ಯಾವುದನ್ನೂ ಕೊಡದೆ ಇದೊಂದನ್ನೇ ಕೊಟ್ಟಿದ್ದಾನಲ್ಲ, ಅಷ್ಟೇ ಪುಣ್ಯ.

ಇಂಥ ನನ್ನ ಮೈದುನ ನಾಗ ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟ. ಪ್ರೋಗ್ರಾಂ ಅವನೇ ಬರೆದದ್ದು. ನಾಲ್ಕಾರು ಜಾತಕ ಆಗುವಷ್ಟರಲ್ಲಿ ಯಂತ್ರ ಮೆಮೊರಿ ಸಾಲದೆಂದು ಮುಷ್ಕರ ಹೂಡುತ್ತಿತ್ತು. ಜಾಗ ಇತ್ತಂತೆ, ಆದರೆ ಚೂರುಚೂರಾಗಿ. ನನ್ನ ಅಡುಗೆಮನೆಯ ಅಟ್ಟವೂ ಹಾಗೆಯೇ: ಸಂದುಗಳಿಗೆ ಬರವಿಲ್ಲ, ಇಡ್ಲಿ ಪಾತ್ರೆಗೆ ಜಾಗವಿಲ್ಲ. ಅದಕ್ಕೆ ನಾಗ ತನ್ನದೇ ಏರ್ಪಾಟು ಮಾಡಿಕೊಂಡ. ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ದೊಡ್ಡ ಜಾಗವೊಂದನ್ನು ಹಿಡಿದು, ಛತ್ರದ ಹಾಗೆ ಒಂದೇ ಅಳತೆಯ ಕೋಣೆಗಳನ್ನು ಮಾಡುವುದು. ಜಾತಕಕ್ಕೊಂದು ಕೋಣೆ ಕೊಟ್ಟು, ಮುಗಿದ ಮೇಲೆ ವಾಪಸು ಪಡೆದು ಮುಂದಿನವರಿಗೆ ಕೊಡುವುದು. ಖಾಲಿ ಕೋಣೆಯನ್ನು ಹುಡುಕಬೇಕಾಗಿಯೂ ಇಲ್ಲ, ಒಂದು ಖಾಲಿ ಕೋಣೆಯೊಳಗೇ ಇನ್ನೊಂದು ಖಾಲಿ ಕೋಣೆಯ ವಿಳಾಸ ಬರೆದಿರುತ್ತದಂತೆ.

"ಖಾಲಿ ಅಂತೀಯ, ಒಳ್ಗೆ ಬರ್ದದೆ ಅಂತೀಯ. ಯಾವ್ದಪ್ಪ ನಿಜ?" ಎಂದೆ.

"ಎರಡೂವೆ ಕಣತ್ಗೆ. ನಿಮ್ ಅನ್ಮಾನ ತೀರ್ಸಕೆ ಆ ದೇವ್ರ್ ಕೈಲೂ ಆಗಕಿಲ್ಲ ಬುಡಿ," ಎಂದು ನಕ್ಕ.

ಆಗಲೇ ನನ್ನ ತವರು ಕುದೇರಿನಲ್ಲಿದ್ದ ತಂಗಿ ಗಿರಿಜೆಗೆ ಹಂಗಳದ ಸಂಬಂಧ ಬಂದದ್ದು. ಹುಡುಗ ನೋಡಿಕೊಂಡು ಹೋದಂದಿನಿಂದ ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಒಪ್ಪಿಗೆಯೇ ಎಂದು ಬೇರೆ ಕೇಳಬೇಕಿರಲಿಲ್ಲ. ಹುಡುಗನ ತಾಯಿ ನಾಗನ ಅಂಗಡಿಗೆ ಹೋಗಿ, ಮೊದಲು ಮಗನದು, ಆಮೇಲೆ ಗಿರಿಜೆಯದು, ಎರಡೂ ಜಾತಕ ಮಾಡಿಸಿಕೊಂಡರು. ಮಾರನೆಯ ದಿನವೇ ಹೇಳಿ ಕಳಿಸಿದರು: "ಹುಡ್ಗೀಗೆ ಕುಜದೋಸ ಅದೆ. ಗಂಡನ್ ತಿನ್ನೋ ಜಾತ್ಕ ನಮ್ಗ್ ಬ್ಯಾಡ."

ಗಿರಿಜೆ ಅಳಲಿಲ್ಲ, ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಅಪ್ಪ ಬರೆಸಿದ್ದ ಹಳೆಯ ಜಾತಕದಲ್ಲಿ ದೋಷದ ಸುದ್ದಿಯೇ ಇರಲಿಲ್ಲ. ಅದನ್ನು ಹೇಳಿದರೆ, "ಕಂಪ್ಯೂಟ್ರು ಸುಳ್ಳೇಳ್ತದಾ?" ಎಂಬ ಉತ್ತರ ಬಂತು. ಹೇಳುತ್ತದೆ ಎಂದೇ ನನ್ನ ನಂಬಿಕೆ. ನನ್ನ ಅನುಮಾನ ಮೊದಲು ಹುಡುಗನ ತಾಯಿಯ ಮೇಲೆ ಹೋಯಿತು, ಬೇರೆ ಹೆಣ್ಣು ನೋಡಿರಬಹುದೆಂದು. ಆಮೇಲೆ ನಾಗನ ಮೇಲೆ. ಕೊನೆಗೆ ಯಂತ್ರದ ಮೇಲೆ. ದಿನವಿಡೀ ಹತ್ತು ಮನೆಯ ಗ್ರಹಚಾರ ಹೊತ್ತ ಯಂತ್ರಕ್ಕೆ ಮೈಲಿಗೆ ತಾಗದೆ ಇರುತ್ತದೆಯೇ? ಬೆಳಿಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಮಂಗಳಾರತಿ ಮಾಡಿ, ಗಿರಿಜೆಯ ಜಾತಕವನ್ನೇ ಮೊದಲ ಬೋಣಿಯಾಗಿ ತೆಗೆಯಬೇಕೆಂದು ಹಟ ಹಿಡಿದೆ. ನಮ್ಮನೆಯಲ್ಲೇ ಉಣ್ಣುವ ನಾಗ ಬೇಡವೆನ್ನಲಾರ.

ಪ್ರಿಂಟರ್ ಕಿರುಗುಟ್ಟಿತು. ದೋಷವಿಲ್ಲ!

ನಾನು ಕೈಮುಗಿದೆ, ನಾಗನ ಮುಖ ಮಾತ್ರ ಬಿಳಿಚಿತು. ಹುಡುಗನ ಜಾತಕ ತೆಗೆದು, ಹಿಂದೆಯೇ ಗಿರಿಜೆಯದನ್ನು ಮತ್ತೆ ತೆಗೆದ. ಈಗ ದೋಷ ಉಂಟು!

"ಅಯ್ಯೋ ಅತ್ಗೆ, ವಾಪಸ್ ಬಂದ್ ಕೋಣೆ ಗುಡಿಸ್ದೆ ಕೊಟ್ಬುಟ್ಟಿವ್ನಿ," ಎಂದು ತಲೆ ಚಚ್ಚಿಕೊಂಡ. ದೋಷವಿದ್ದರೆ ಮಾತ್ರ ಅವನ ಪ್ರೋಗ್ರಾಂ ಕೋಣೆಯಲ್ಲಿ ಗುರುತು ಹಾಕುತ್ತಿತ್ತಂತೆ, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಹೀಗಾಗಿ ಹಿಂದೆ ಇದ್ದವರ ಗುರುತು ಅಲ್ಲೇ ಉಳಿದು, ಮುಂದೆ ಬಂದವರ ತಲೆಗೆ ಕಟ್ಟುತ್ತಿತ್ತು. ಬೆಳಿಗ್ಗೆಯ ಮೊದಲ ಬೋಣಿಯ ಕೋಣೆಯಲ್ಲಿ ಮಾತ್ರ ಯಾರ ಗುರುತೂ ಇರುತ್ತಿರಲಿಲ್ಲ.

ಹಾಗಾದರೆ ಹಿಂದೆ ಇದ್ದವರು ಯಾರು? ಹುಡುಗನೇ! ಕುಜದೋಷ ಅವನದು. ಅವನ ಹಾಳೆಯಲ್ಲೂ ಅದೇ ಸಾಲು ಅಚ್ಚಾಗಿತ್ತು. ಗಂಡಿನ ಹಾಳೆಯನ್ನು ಯಾರೂ ಓದಿರಲಿಲ್ಲ, ಅಷ್ಟೆ.

ನಾಗ ಆವತ್ತೇ ಹಂಗಳಕ್ಕೆ ಹೋಗಿ ತಪ್ಪೊಪ್ಪಿಕೊಂಡ. ಎರಡು ದಿನ ಬಿಟ್ಟು ಹುಡುಗನ ತಾಯಿ ಕುದೇರಿಗೇ ಬಂದರು. ನಾನೂ ಹೋಗಿದ್ದೆ. "ಗಂಡುಸ್ಗೆ ಅದೆಲ್ಲ ಲೆಕ್ಕಕ್ಕಿಲ್ಲ ಬುಡಿ," ಎಂದು ನೆಲ ನೋಡಿದರು. ಇನ್ನು ಬೇಡವೆನ್ನುವ ಸರದಿ ನಮ್ಮದು. ಅಷ್ಟು ದಿನ ಕೂಡಿಟ್ಟ ಮಾತನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಗಿರಿಜೆ ಕಾಫಿ ಲೋಟ ಅವರ ಕೈಗಿಟ್ಟು ಕೇಳಿದಳು:

"ಎಂಡ್ತೀನ್ ತಿನ್ನೋ ಜಾತ್ಕ ಆಯ್ತಲ್ಲ ಅತ್ತೆ, ಈಗೇನ್ ಮಾಡನ?"

ಅತ್ತೆಯಂತೆ! ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಪಾಯಸಕ್ಕೆ ಇಟ್ಟೆ. ಹುಡುಗನ ಮೇಲೆ ನನಗೆ ಅನುಮಾನ ಇನ್ನೂ ಇದ್ದೇ ಇತ್ತು. ಆದರೆ ಬಾಳುವವಳು ಅವಳು, ಅನುಮಾನ ಪಡುವುದಿದ್ದರೂ ಅವಳೇ ಪಡಲಿ.