ಸೊಪ್ಪು ಕಟ್ಟಿದ ಮೇಡಂ

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಹುಣಸೂರಿನ ಕಾಲೇಜಿನಲ್ಲಿ ನನ್ನ ಮೊಮ್ಮಗಳಿಗೆ ಪಾಠ ಹೇಳುವ ಮೇಡಂ ಒಬ್ಬರಿದ್ದರು. ಹಳ್ಳಿಯ ಮಕ್ಕಳು ಕೆಲಸಕ್ಕೆಂದು ಕಾಲೇಜು ತಪ್ಪಿಸಿದರೆ ಮನೆಗೇ ಬಂದು, "ಆ ಕೆಲಸ ನನಗೆ ಕೊಡಿ, ಮಗೂನ ಕಳಿಸಿ" ಎನ್ನುತ್ತಿದ್ದರು. ಯಾರದೋ ಕೊಟ್ಟಿಗೆಯಲ್ಲಿ ಸಗಣಿಯನ್ನೂ ಬಾಚಿದ್ದರಂತೆ.

ಅದು ಹೊಗೆಸೊಪ್ಪಿನ ಕಾಲ. ಒಣಗಿಸುವ ಮೊದಲು ಎಲೆಯನ್ನು ಸಾಲಾಗಿ ಕಡ್ಡಿಗೆ ಕಟ್ಟಬೇಕು. ಮಂಡಿನೋವೆಂದು ನಾನು ಬಿಟ್ಟಿದ್ದ ಆ ಕೆಲಸಕ್ಕೆ ಮೊಮ್ಮಗಳನ್ನು ಕೂರಿಸಿದ್ದೆ. ಇನ್ನೂ ತಪ್ಪಿಸಿದರೆ ಅವಳನ್ನು ಪರೀಕ್ಷೆಗೆ ಬಿಡುವುದಿಲ್ಲ ಎಂದು ಹೇಳಲು ಮೇಡಂ ಬಂದರು.

"ಅವ್ಳು ಓದಕ್ಕೋದ್ರೆ ಸೊಪ್ಪು ನೀವು ಕಟ್ತೀರಾ?" ಎಂದೆ.

ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಅವರು ಕಟ್ಟಿದ ಮೊದಲ ಕಡ್ಡಿ ಎತ್ತಿದರೆ ಎಲೆಯೆಲ್ಲ ಉದುರಿತು.

"ನಿಮ್ ಪಾಠಾನೂ ಇಂಗೇನಾ ಮೇಡಮ್ಮ?"

"ನಮ್ಮ ಮಕ್ಕಳೂ ಮೊದಮೊದಲು ಹೀಗೇ ಅಜ್ಜಿ. ಇನ್ನೊಂದ್ಸಲ ತೋರಿಸಿ."

ಸಂಜೆಯವರೆಗೂ ಬಿಚ್ಚಿ ಬಿಚ್ಚಿ ಕಟ್ಟಿದರು. ಕೈಗೆ ಹತ್ತಿದ ಕಪ್ಪು ಅಂಟು ಎಷ್ಟು ತೊಳೆದರೂ ಹೋಗಲಿಲ್ಲ. "ನಾಳೆನೂ ಬರ್ತೀನಿ" ಎಂದು ಹೇಳಿ ಬಸ್ಸು ಹತ್ತಿದರು.

ಮಾರನೆಯ ಬೆಳಿಗ್ಗೆ ಮೊಮ್ಮಗಳನ್ನು ಮೊದಲ ಬಸ್ಸಿಗೆ ಹತ್ತಿಸಿದೆ. "ನಿಮ್ ಮೇಡಮ್ಮಂಗೆ ಬರ್ಬೇಡಿ ಅನ್ನು. ಸೊಪ್ಪೆಲ್ಲ ಹಾಳಾಯ್ತದೆ" ಎಂದೆ. ಮನೆಗೆ ಬಂದು, ಅವಳು ಕೂರುತ್ತಿದ್ದ ಗೋಣಿಚೀಲದ ಮೇಲೆ ನಾನು ಕೂತೆ.