ದೇವರ ಕರುಗಳೂ ಕ್ಯಾತಪ್ಪನ ಕಂಬಳಿಯೂ

ದೊಡ್ಡಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ದೇವರ ದನ ಕಾಯುತ್ತಿದ್ದ ಕ್ಯಾತಪ್ಪ ಮೀಸೆ ಚಿಗುರುವಾಗ ಕಿಲಾರಿಯಾದವನು. ಮೀಸೆ ನರೆತರೂ ಯಾರೂ ಅವನನ್ನು ಬಿಡಿಸಿರಲಿಲ್ಲ. ಆ ದನಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಅವುಗಳ ರೊಪ್ಪದ ಮುಳ್ಳುಬೇಲಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಹೆಂಗಸರು ಬರುವಂತಿಲ್ಲ. ಕಾಲು ತೊಳೆಯದೆ ಕ್ಯಾತಪ್ಪ ಒಂದು ದಿನವೂ ಒಳಹೊಕ್ಕವನಲ್ಲ. ಹೆಗಲ ಮೇಲಿನ ಕಂಬಳಿಗೆ ಮಾತ್ರ ಯಾವ ಕಟ್ಟುಪಾಡೂ ಇರಲಿಲ್ಲ. ಉಣ್ಣೆಗೆ ಮೈಲಿಗೆಯಿಲ್ಲ ಎನ್ನುವುದು ಹಿರಿಯರ ಮಾತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಚಳಿಗಾಲದಲ್ಲಿ ಊರೊಳಗಿನ ಚಿತ್ತಪ್ಪನ ಹಸು ಮೇವು ಬಿಟ್ಟಿತು. ಕಿಲಾರಿಯ ಕೈ ತಾಗಿದರೆ ವಾಸಿಯಾಗುತ್ತದೆಂದು ಕರೆಸಿದರು. ಕ್ಯಾತಪ್ಪ ಹೋಗಿ ಕಂಬಳಿಯ ಅಂಚಿನಿಂದಲೇ ಹಸುವಿನ ಜೊಲ್ಲು ಒರೆಸಿದ. ಮರಳಿ ಬಂದು, ಕಾಲು ತೊಳೆದು, ನಡುಗುತ್ತಿದ್ದ ಎಳೆಗರುವೊಂದಕ್ಕೆ ಅದೇ ಕಂಬಳಿ ಹೊದಿಸಿದ.

ವಾರ ಕಳೆಯುವುದರೊಳಗೆ ರೊಪ್ಪದ ದನಗಳ ನಾಲಿಗೆಯ ಮೇಲೆ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು. ಬೆಳಗ್ಗೆ ನೆಗೆದಾಡಿದ್ದ ಆ ಕರು ಮಧ್ಯಾಹ್ನ ದೊಪ್ಪನೆ ಬಿದ್ದದ್ದು ಏಳಲೇ ಇಲ್ಲ.

ದನದ ಡಾಕ್ಟರು ನಾಗಭೂಷಣ ಮೊಳಕಾಲ್ಮೂರಿನ ನೇಕಾರರ ಮನೆಯವರು. ನೋಡಿದವರೇ, "ಕಾಲುಬಾಯಿ ಜ್ವರ" ಅಂದರು.

"ಔಷ್ದಿ ಕೊಡ್ರಿ ಸಾ."

"ಇದನ್ನ ಕೊಲ್ಲೋ ಔಷ್ದಿ ಇಲ್ಲ ಕ್ಯಾತಪ್ಪ. ಲಸಿಕೆ ಹಾಕ್ತೀವಿ ಅಂತ ಬಂದಾಗ, ದೇವರ ದನಕ್ಕೆ ಸೂಜಿ ಚುಚ್ಬ್ಯಾಡ್ರಿ ಅಂದ್ರು ನಿಮ್ಮೋರು."

"ಅದೆಂಥ ಹುಳ ಸಾ, ಔಷ್ದಿಗೂ ಸಾಯ್ದೇ ಇರೋದು?"

"ಹುಳ ಅಲ್ಲಪ್ಪ, ವೈರಸ್ಸು. ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರೂ ಇಲ್ಲ. ಸೀರೆಗೆ ಯಾವ ಹೂ ಬರ್ಬೇಕು ಅಂತ ಮಗ್ಗದ ಮ್ಯಾಲೆ ತೂತಿನ ರಟ್ಟು ಕಟ್ಟಿರ್ತಾರಲ್ಲ, ಇದು ಬರೀ ಆ ರಟ್ಟು. ಹೊರಗೆ ಬಿದ್ದಿದ್ರೆ ಏನೂ ಮಾಡಲ್ಲ. ದನದ ಮೈಯಾಗೆ ಕಣ್ಣಿಗೆ ಕಾಣದಂಥ ಮಗ್ಗ ಲೆಕ್ಕ ಇಲ್ದಷ್ಟು ಅವೆ. ಒಂದಕ್ಕೆ ಹೊಕ್ತು ಅಂದ್ರೆ ದನದ ನೂಲಿನಾಗೇ ತನ್ನಂಥವನ್ನೇ ಸಾವಿರಾರು ಮಾಡಿಸ್ಕಂಡು, ಮಗ್ಗ ಮುರ್ದು, ಪಕ್ಕದ್ದಕ್ಕೆ ನುಗ್ತೈತೆ. ನಾಲಿಗೇಲಿ ಮುರ್ದ್ರೆ ಗುಳ್ಳೆ. ಎಳೆಗರುವಿನ ಗುಂಡಿಗೇಲಿ ಮುರ್ದ್ರೆ ಇಗೋ, ಹಿಂಗೆ."

"ಊರಾಗಿಂದ ಇಲ್ಲಿಗಂಟ ನಡ್ಕಂಡ್ ಬಂತಾ?"

"ಕಾಲೆಲ್ಲೈತೆ ಅದಕ್ಕೆ? ಯಾರೋ ಹೊತ್ಕಂಡ್ ಬಂದವ್ರೆ. ಜೊಲ್ಲಿನಾಗಿರ್ತೈತೆ."

ಕ್ಯಾತಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಕಿ, ಅದರಿಂದ ದೂರ ಸರಿದು ಕೂತ.

ಉಳಿದ ಕರುಗಳನ್ನು ತಾಯಂದಿರಿಂದ ಬೇರೆ ಮಾಡಬೇಕು, ಅವಕ್ಕೆ ಕಾಯಿಸಿ ಆರಿಸಿದ ಹಾಲು ಕುಡಿಸಬೇಕು, ರೋಗದ ದನ ಮುಟ್ಟಿದವರು ಅವನ್ನು ಮುಟ್ಟಬಾರದು ಎಂದು ಹೇಳಿ ಡಾಕ್ಟರು ಹೋದರು. ರೋಗದ ದನ ಮುಟ್ಟದೆ ಉಳಿದ ಕೈ ಒಂದೇ, ಹೆಂಡತಿ ಪಾತಮ್ಮನದು. ಅವಳು ರೊಪ್ಪದೊಳಗೆ ಬರುವಂತಿಲ್ಲ, ದೇವರ ಕರು ರೊಪ್ಪ ದಾಟುವಂತಿಲ್ಲ.

ಕ್ಯಾತಪ್ಪ ಎದ್ದು ಬೇಲಿಯ ಮುಳ್ಳು ಎಳೆಯತೊಡಗಿದ. ಊರ ಹಿರಿಯ ಪೆದ್ದಣ್ಣ ಓಡಿ ಬಂದ.

"ಒರೇ ಕ್ಯಾತಾ! ದೇವ್ರು ಸುಮ್ನಿರ್ತಾನೇನ್ಲೇ?"

"ಕೇಳಿದ್ರೆ ನನ್ನೇ ಕೇಳ್ಲಿ ಬಿಡಣ್ಣ. ರೋಗ ಹೊತ್ಕಂಡ್ ಬಂದೋನೂ ನಾನೇಯ. ಕರು ಸಾಯೋದ್ ನೋಡಿ ನಂಗೆ ಸಾಕಾಗೈತೆ."

ಬೇಲಿಯ ಸಂದಿಯಿಂದ ಕರುಗಳು ಒಂದೊಂದೇ ನುಸುಳಿ, ಹೊರಗೆ ಬಯಲಿನಲ್ಲಿ ನಿಂತಿದ್ದ ಪಾತಮ್ಮನ ಕಡೆ ಹೋದವು.

"ಲಗ್ನ ಆದಾಗಿಂದ ನನ್ನನ್ನ ಬೇಲಿ ಆಚೆ ನಿಲ್ಸಿದ್ದೆ. ಈಗ ನೀನ್ ನಿಂತ್ಕ" ಅಂದಳು ಅವಳು. ಕ್ಯಾತಪ್ಪ ಬೇಲಿಯ ಒಳಗೇ ಉಳಿದ.

ಆಮೇಲಿನದೆಲ್ಲ ಬರೀ ದುಡಿತ. ಸೋಡಾಪುಡಿ ಬೆರೆಸಿದ ನೀರಿನಲ್ಲಿ ಗೊರಸು ತೊಳೆಯುವುದು, ಹುಣ್ಣಿನ ಬಾಯಿಗೆ ತೆಳ್ಳಗಿನ ರಾಗಿ ಗಂಜಿ ಹೊಯ್ಯುವುದು, ಕೂತಲ್ಲೇ ತೂಕಡಿಸುವುದು. ಬಯಲಿನಲ್ಲಿ ಇನ್ನೊಂದು ಕರು ಸತ್ತಿತು. ಅದು ರೊಪ್ಪ ಬಿಡುವ ಮೊದಲೇ ರೋಗ ಹತ್ತಿಸಿಕೊಂಡಿತ್ತು. ಉಳಿದವು ಗಟ್ಟಿಯಾದವು.

"ಬಂದು ನೋಡಯ್ಯಾ, ಬಿಳೀ ಕರು ಹಾಲಿಗೆ ಹೆಂಗ್ ಗುದ್ತೈತೆ!" ಎಂದು ಪಾತಮ್ಮ ಒಂದು ಬೆಳಗ್ಗೆ ಕೂಗಿದಳು.

ಕ್ಯಾತಪ್ಪ ಎರಡು ಹೆಜ್ಜೆ ಇಟ್ಟು, ಜೊಲ್ಲಿನಿಂದ ಅಂಟಂಟಾಗಿದ್ದ ಕೈ ನೋಡಿಕೊಂಡು ನಿಂತ.

"ಬ್ಯಾಡ ಕಣೇ. ಅಲ್ಲೇ ಇರ್ಲಿ, ಚೆಂದಾಗಿರ್ಲಿ" ಎಂದು ತಿರುಗಿ, ಮುಂದಿನ ದನದ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತ.